ಹೆಣ್ಣುಮಕ್ಕಳು ಎಷ್ಟು ಜನ?

ಅಪ್ಪಾಜಿಯ ಶಿವಗಣಾರಾಧನೆಯ ದಿನ. ಎರಡನೇ ಪಂಕ್ತಿ ಎದ್ದಿತ್ತು. ಕೈ ತೊಳೆಯುವ ನಲ್ಲಿಯ ಹತ್ತಿರ ಒಬ್ಬ ಹೆಣ್ಣುಮಗಳು ನನ್ನನ್ನೇ ನೋಡುತ್ತಾ ನಿಂತಿದ್ದರು. ವಯಸ್ಸು ಐವತ್ತೈದು ದಾಟಿರಬಹುದು. ತಲೆ ಮೇಲೆ ಸೆರಗು, ಕಂಕುಳಲ್ಲಿ ಬಟ್ಟೆ ಚೀಲ. ನಮ್ಮ ಬಳಗದವರಲ್ಲ, ದಾವಣಗೆರೆಯ ಕೆ.ಟಿ.ಜೆ. ನಗರದ ನಮ್ಮ ಬೀದಿಯವರೂ ಅಲ್ಲ. ಅಪ್ಪಾಜಿಯ ಕಕ್ಷಿದಾರರು ಇರಬೇಕು ಅಂದುಕೊಂಡೆ. ಅಷ್ಟೂ ದಿನ ಅಂಥವರು ಬರುತ್ತಲೇ ಇದ್ದರು. ಜಗಳೂರು, ಹರಿಹರ, ಚನ್ನಗಿರಿ ಕಡೆಯ ಹಳ್ಳಿಗಳಿಂದ ಬಸ್ಸು ಹಿಡಿದು ಬಂದು, ಫೋಟೋಗೆ ಕೈಮುಗಿದು, "ನಮ್ಮ ಹೊಲ ಉಳಿಸಿಕೊಟ್ಟೋರು" ಅಂತ ಹೇಳಿ ಕಣ್ಣೊರೆಸಿಕೊಂಡು ಹೋಗುತ್ತಿದ್ದರು.

"ನೀನು ವಕೀಲ್ರ ಮಗಳಲ್ವಾ? ಆಗ ಚಿಕ್ಕೋಳಿದ್ದೆ. ಎರಡು ಜಡೆ ಹಾಕ್ಕೊಂಡಿದ್ದೆ" ಅಂದರು. ಊಟ ಆಯ್ತಾ ಅಂತ ಕೇಳಿದೆ. ಆಯ್ತು ಕಣವ್ವಾ ಅಂದರು. ಚೀಲವನ್ನು ನನ್ನ ಕೈಗಿಟ್ಟು, "ಹೊಸ ಅಕ್ಕಿ. ನಮ್ಮ ಗದ್ದೇದು. ದಾಸೋಹಕ್ಕೆ ಹಾಕ್ಸು" ಅಂದರು. ಅಪ್ಪಾಜಿ ನಿಮ್ಮ ಕೇಸು ನಡೆಸಿದ್ರಾ ಅಮ್ಮಾ ಅಂತ ಕೇಳಿದಾಗ ತಲೆ ಅಲ್ಲಾಡಿಸಿದರು. "ನಡೆಸಿದ್ರು. ನನ್ನ ಕಡೆ ಅಲ್ಲ, ನಮ್ಮಣ್ಣಂದಿರ ಕಡೆ."

ನನಗೆ ತಕ್ಷಣ ಯಾರು ಅಂತ ಗೊತ್ತಾಯಿತು. ಇಪ್ಪತ್ತೈದು ವರ್ಷದ ಹಿಂದಿನ ಒಂದು ಶನಿವಾರ ಕಣ್ಣ ಮುಂದೆ ಬಂತು. ಏನು ಹೇಳಬೇಕೋ ತೋಚಲಿಲ್ಲ. ಸೋತವರು ಗೆದ್ದ ವಕೀಲರ ತಿಥಿಗೆ ಯಾಕೆ ಬರುತ್ತಾರೆ? ಅದು ನನ್ನ ಮುಖದಲ್ಲೇ ಕಾಣಿಸಿರಬೇಕು. ಆಕೆಯೇ ಹೇಳಿದರು: "ಊರೆಲ್ಲ ನನ್ನ ಬೈತು ಕಣವ್ವಾ. ಎದುರು ವಕೀಲ್ರು ಬೈಲಿಲ್ಲ." ಅಷ್ಟು ಹೇಳಿ, ಬಸ್ಸಿಗೆ ಹೊತ್ತಾಯ್ತು ಅಂತ ಹೊರಟೇ ಹೋದರು. ಹೆಸರು ಕೂಡ ಕೇಳಲಿಲ್ಲ ನಾನು.

ಅವತ್ತಿನಿಂದ ಅದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಅಪ್ಪಾಜಿ ಹೇಗಿದ್ದರು ಅಂತ ಯಾರಾದರೂ ಕೇಳಿದರೆ ಹೇಳೋಕೆ ನೂರು ಒಳ್ಳೆ ಮಾತುಗಳಿವೆ. ಆದರೆ ನನಗೂ ಅವರಿಗೂ ಮಧ್ಯೆ ಒಂದು ಹಳೆಯ ಜಗಳ ಇತ್ತು. ಅದು ಈ ಹೆಣ್ಣುಮಗಳದ್ದೇ. ಆ ಜಗಳವನ್ನು ಬಿಟ್ಟು ಅಪ್ಪಾಜಿಯ ಬಗ್ಗೆ ಬರೆದರೆ ಅದು ಪೂರ್ತಿ ನಿಜ ಆಗುವುದಿಲ್ಲ.

ಮುಂದಿನ ರೂಮು

ನಮ್ಮ ಮನೆಯ ಮುಂದಿನ ರೂಮೇ ಅಪ್ಪಾಜಿಯ ಆಫೀಸು. ಗೋಡೆ ತುಂಬ ಕೋರ್ಟು ತೀರ್ಪುಗಳ ಎ.ಐ.ಆರ್. ಸಂಪುಟಗಳು, ಒಂದು ಮರದ ಬೆಂಚು, ಟೈಪ್ ಮಷಿನ್, ಮೂಲೆಯಲ್ಲಿ ನೀರಿನ ಹೂಜಿ. ನಾನೂ ತಮ್ಮನೂ ಒಳಗಿನ ನಡುಮನೆಯಲ್ಲಿ ಓದಿಕೊಳ್ಳುತ್ತಿದ್ದೆವು. ಮಧ್ಯೆ ಇದ್ದದ್ದು ಒಂದು ಪರದೆ ಮಾತ್ರ. ಹಾಗಾಗಿ ನಮ್ಮ ಮಗ್ಗಿ, ಪದ್ಯಗಳ ಜೊತೆಗೆ ವಾಯಿದೆ, ತಡೆಯಾಜ್ಞೆ, ಚೆಕ್ಕುಬಂದಿ ಅನ್ನೋ ಮಾತುಗಳೂ ಕಿವಿಗೆ ಬೀಳುತ್ತಿದ್ದವು. ಏಳನೇ ಕ್ಲಾಸಿಗೆ ಬರುವ ಹೊತ್ತಿಗೆ ನನಗೆ ಪಹಣಿಯ ಯಾವ ಕಾಲಂನಲ್ಲಿ ಏನಿರುತ್ತೆ ಅಂತ ಗೊತ್ತಿತ್ತು.

ಅಪ್ಪಾಜಿ ವಕೀಲಿ ಶುರು ಮಾಡಿದ್ದು 1978ರಲ್ಲಿ. ಅದು ಫಾರಂ ನಂಬರ್ 7ರ ಕಾಲ. ಗೇಣಿ ಮಾಡುತ್ತಿದ್ದವರು ಭೂಮಿಯ ಹಕ್ಕಿಗೆ ಅರ್ಜಿ ಹಾಕೋಕೆ 1979ರ ಜೂನ್ 30 ಕೊನೆಯ ದಿನ ಆಗಿತ್ತು. ಸೀನಿಯರ್ ಆಫೀಸಿನಲ್ಲಿ ರಾತ್ರಿ ಹನ್ನೆರಡರವರೆಗೂ ಅರ್ಜಿ ತುಂಬುತ್ತಿದ್ದೆವು ಅಂತ ಹೇಳುತ್ತಿದ್ದರು. ದಾವಣಗೆರೆ ಆಗಿನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಡಿ.ಸಿ. ಆಫೀಸಿನ ಕೆಲಸ ಅಂದರೆ ಬೆಳಿಗ್ಗೆ ಬಸ್ಸು ಹತ್ತಿ ದುರ್ಗಕ್ಕೆ ಹೋಗಿ, ಸಂಜೆ ಧೂಳು ತುಂಬಿದ ಕೋಟು ಕೈಯಲ್ಲಿ ಹಿಡಿದು ಬರುವುದು. 1997ರ ಆಗಸ್ಟ್ 15ಕ್ಕೆ ನಮ್ಮೂರು ಜಿಲ್ಲೆ ಆದಾಗ ಊರೆಲ್ಲ ಸಡಗರ. ಅಪ್ಪಾಜಿ ಅಮ್ಮನಿಗೆ ಹೇಳಿದ್ದು, "ಇನ್ನು ಸಂಜೆ ಮಕ್ಕಳ ಹೋಂವರ್ಕಿಗೆ ನಾನೂ ಸಿಗ್ತೀನಿ."

ಬರುತ್ತಿದ್ದ ಕೇಸುಗಳಲ್ಲಿ ಜಾಸ್ತಿ ಪಾಲಿನ ದಾವೆಗಳು. ಭದ್ರಾ ನಾಲೆ ಬಂದ ಮೇಲೆ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದವು. ನೀರು ಬಂದ ಕಡೆ ಬೆಲೆ ಬಂತು, ಬೆಲೆ ಬಂದ ಕಡೆ ಅಣ್ಣತಮ್ಮಂದಿರು ಕೋರ್ಟಿಗೆ ಬಂದರು. ಸಂಜೆ ಆರಕ್ಕೆ ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಸುತ್ತಿಕೊಂಡು ಬೆಂಚಿನ ಮೇಲೆ ಕೂರುತ್ತಿದ್ದರು. ಅಪ್ಪಾಜಿ ಮೊದಲು ನೀರು ಕೊಡುತ್ತಿದ್ದರು. ಆಮೇಲೆ ಒಂದು ಉದ್ದನೆಯ ಬಿಳಿ ಹಾಳೆ ತೆಗೆದು, ತಲೆಯಲ್ಲಿ ಮೂಲಪುರುಷನ ಹೆಸರು ಬರೆದು, ಕೆಳಗೆ ಗೆರೆ ಎಳೆಯುತ್ತಿದ್ದರು. ವಂಶಾವಳಿ ಬರೆಯದೆ ಒಂದು ಮಾತೂ ಮುಂದಕ್ಕೆ ಹೋಗುತ್ತಿರಲಿಲ್ಲ.

"ನಿಮ್ಮಪ್ಪಗೆ ಎಷ್ಟು ಜನ ಮಕ್ಕಳು?"

"ನಾವು ಮೂರು ಜನ ಸಾರ್."

"ಹೆಣ್ಣುಮಕ್ಕಳು ಎಷ್ಟು ಜನ?"

ಇಲ್ಲಿ ಯಾವಾಗಲೂ ಸ್ವಲ್ಪ ಹೊತ್ತು ಸದ್ದು ನಿಲ್ಲುತ್ತಿತ್ತು. "ಅವು ಎರಡು ಅದಾವು ಸಾರ್. ಕೊಟ್ಟು ಕಳ್ಸೀವಿ."

"ಹೆಸರು ಹೇಳ್ರಿ."

ಕೆಲವರಿಗೆ ಅಕ್ಕತಂಗಿಯರ ಹೆಸರೇ ನೆನಪಾಗುತ್ತಿರಲಿಲ್ಲ. ಮನೆಯಲ್ಲಿ ಕರೆಯುವ ಹೆಸರು ಗೊತ್ತು, ಕಾಗದದ ಹೆಸರು ಗೊತ್ತಿಲ್ಲ. "ಪುಟ್ಟಕ್ಕ ಅಂತ ಹಾಕ್ಕೊಳ್ರಿ ಸಾರ್" ಅನ್ನುತ್ತಿದ್ದರು. ಅಪ್ಪಾಜಿ ಪೆನ್ನು ಕೆಳಗಿಡುತ್ತಿದ್ದರು. "ಕೇಳ್ಕೊಂಡು ಬರ್ರಿ. ನಾಳೆ ಬರೆಯೋಣ." ಪಾಲಿನ ದಾವೆಯಲ್ಲಿ ವಾರಸುದಾರರೊಬ್ಬರನ್ನು ಬಿಟ್ಟರೂ ದಾವೆ ಬೀಳಬಹುದು, ಅದು ಕಾನೂನಿನ ಮಾತು. ಅವರು ಕಕ್ಷಿದಾರರಿಗೆ ಕೊಡುತ್ತಿದ್ದ ಕಾರಣವೂ ಅದೇ. ಆದರೆ ಪರದೆಯ ಈ ಕಡೆ ಕೂತು ಸಾವಿರ ಸಲ ಆ ಪ್ರಶ್ನೆ ಕೇಳಿದ ನನಗೆ ಬೇರೆಯೇ ಕೇಳಿಸುತ್ತಿತ್ತು. ಆ ಪ್ರಶ್ನೆ ಬಿದ್ದಾಗಲೆಲ್ಲ ತಮ್ಮ ನನ್ನ ಮುಖ ನೋಡುತ್ತಿದ್ದ.

ಜಡೆ

ಅಮ್ಮ ಪ್ರೈಮರಿ ಸ್ಕೂಲ್ ಟೀಚರ್. ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ಶಾಲೆ. ಬೆಳಿಗ್ಗೆ ಏಳರ ಬಸ್ಸು ತಪ್ಪಿದರೆ ಆ ದಿನ ಶಾಲೆಯೇ ಇಲ್ಲ. ಹಾಗಾಗಿ ನಮ್ಮನ್ನು ಎಬ್ಬಿಸುವುದು, ಸ್ನಾನ ಮಾಡಿಸುವುದು, ಡಬ್ಬಿ ತುಂಬುವುದು, ನನ್ನ ಜಡೆ, ಎಲ್ಲ ಅಪ್ಪಾಜಿಯದು. ಆಗಿನ ದಾವಣಗೆರೆಯಲ್ಲಿ ಒಬ್ಬ ಗಂಡಸು, ಅದೂ ವಕೀಲರು, ಮಗಳಿಗೆ ಜಡೆ ಹಾಕುತ್ತಾರೆ ಅಂದರೆ ಅಕ್ಕಪಕ್ಕದವರು ಬಾಗಿಲಿಗೆ ಬಂದು ನೋಡುತ್ತಿದ್ದರು. ಅಪ್ಪಾಜಿ ಅದನ್ನು ತಲೆಗೇ ಹಾಕಿಕೊಳ್ಳಲಿಲ್ಲ.

ಅವರು ಜಡೆ ಹಾಕುವ ರೀತಿ ನನಗೆ ಬೆರಳಿನಲ್ಲಿ ನೆನಪಿದೆ. ಕೊಬ್ಬರಿ ಎಣ್ಣೆಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ ಹಚ್ಚುತ್ತಿದ್ದರು. ಬೈತಲೆ ಸರಿಯಾಗಿ ಮಧ್ಯಕ್ಕೆ ಬರಬೇಕು. ಬಾಚಣಿಗೆಯ ತುದಿಯಿಂದ ಹಣೆಯಿಂದ ಹಿಂದಕ್ಕೆ ಒಂದೇ ಗೆರೆ, ಸ್ಕೇಲು ಇಟ್ಟು ಎಳೆದ ಹಾಗೆ. ಸ್ವಲ್ಪ ಸೊಟ್ಟ ಆದರೆ ಪೂರ್ತಿ ಅಳಿಸಿ ಮತ್ತೆ. ಮೂರು ಎಳೆ ಸಮ ಇದೆಯಾ ಅಂತ ತೂಕ ನೋಡಿದ ಹಾಗೆ ಕೈಯಲ್ಲಿ ಹಿಡಿದು ನೋಡುತ್ತಿದ್ದರು. ಕೊನೆಯಲ್ಲಿ ಟೇಪು. ಕಡತ ಕಟ್ಟುವುದಕ್ಕೂ ಟೇಪು, ಜಡೆ ಕಟ್ಟುವುದಕ್ಕೂ ಟೇಪು. ಅವರಿಗೆ ಗೊತ್ತಿದ್ದ ಗಂಟು ಒಂದೇ, ಕಡತದ ಗಂಟು. ಎರಡು ಸುತ್ತು ಸುತ್ತಿ, ಒಳಗಿಂದ ತೆಗೆದು, ಚಿಟಿಕೆ ಎಳೆದರೆ ಮುಗೀತು. ಸಂಜೆ ಆಟ ಆಡಿ ಬಂದರೂ ಬೇರೆ ಹುಡುಗಿಯರ ಟೇಪು ಜೋತಾಡುತ್ತಿತ್ತು, ನನ್ನದು ಬೆಳಿಗ್ಗೆ ಕಟ್ಟಿದಂತೆಯೇ. ಆಮೇಲೆ ಕನ್ನಡಿ ಮುಂದೆ ಅವರು ಕುತ್ತಿಗೆಗೆ ಬಿಳಿ ಬ್ಯಾಂಡ್ ಕಟ್ಟಿಕೊಳ್ಳುವಾಗ ಹಿಂದಿನ ಕೊಕ್ಕೆ ಸಿಕ್ಕಿಸುವುದು ನನ್ನ ಕೆಲಸ.

ಚೇತಕ್ ಸ್ಕೂಟರಿನಲ್ಲಿ ಮುಂದೆ ತಮ್ಮ ನಿಲ್ಲುವುದು, ಹಿಂದೆ ನಾನು. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟು ಬಿದ್ದರೆ ನಮಗೆ ಹಬ್ಬ. ಗೇಟು ಬಿದ್ದಷ್ಟೂ ಹೊತ್ತು ಕಥೆ. ಕೋರ್ಟಿನ ಕಥೆಯನ್ನೇ ಹೆಸರು ಬದಲಿಸಿ ಹೇಳುತ್ತಿದ್ದರು. ಕೊನೆಗೆ "ನೀನು ಜಡ್ಜಾಗಿದ್ರೆ ಏನ್ ಮಾಡ್ತಿದ್ದೆ?" ಅಂತ ಕೇಳುತ್ತಿದ್ದರು. ನಾವು ಹೇಳಿದ್ದಕ್ಕೆ ಸರಿ ಅಂತಲೂ ಅನ್ನುತ್ತಿರಲಿಲ್ಲ, ತಪ್ಪು ಅಂತಲೂ ಇಲ್ಲ. "ಇನ್ನೊಬ್ಬರ ಕಡೆ ಏನಿದೆ ಅಂತ ಕೇಳಿದ್ಯಾ?" ಅಷ್ಟೇ. ಗೂಡ್ಸ್ ಗಾಡಿ ಹೋಗುತ್ತಿತ್ತು, ಗೇಟು ಏಳುತ್ತಿತ್ತು.

ಶನಿವಾರ

ನಾನು ಆಗ ಏಳನೇ ಕ್ಲಾಸು, 1999. ಶನಿವಾರ ಬೆಳಗಿನ ಸ್ಕೂಲು. ಅವತ್ತು ಅಪ್ಪಾಜಿಯ ಗುಮಾಸ್ತರು ನನ್ನನ್ನು ಸೈಕಲ್ಲಿನಲ್ಲಿ ಕೋರ್ಟಿಗೆ ಕರೆದುಕೊಂಡು ಬಂದರು. ಅಪ್ಪಾಜಿಯದು ಮುಗಿಯುವವರೆಗೆ ಹೊರಗೆ ಕೂತಿರು ಅಂದರು. ಬೇವಿನ ಮರದ ಕಟ್ಟೆಯ ಮೇಲೆ ಒಬ್ಬ ಹೆಣ್ಣುಮಗಳು ಕೂತಿದ್ದರು, ಪಕ್ಕದಲ್ಲಿ ನನಗಿಂತ ಚಿಕ್ಕ ಹುಡುಗಿ. ಮಡಿಲಲ್ಲಿ ಕಡಲೆಕಾಯಿ ಇಟ್ಟುಕೊಂಡು ಮಗಳಿಗೆ ಒಂದೊಂದೇ ಸುಲಿದು ಕೊಡುತ್ತಿದ್ದರು. ನನ್ನನ್ನು ನೋಡಿ ಒಂದು ಹಿಡಿ ಕೊಟ್ಟರು. "ಯಾರ ಮಗಳವ್ವಾ ನೀನು?" ಅಂದಾಗ ವಕೀಲರ ಮಗಳು ಅಂದೆ, ಯಾವ ವಕೀಲರು ಅಂತ ಅವರು ಕೇಳಲಿಲ್ಲ. "ಜಡೆ ಚೆಂದ ಐತೆ. ಅಮ್ಮ ಹಾಕಿದ್ದಾ?" "ಇಲ್ಲ, ಅಪ್ಪಾಜಿ." ಅದನ್ನು ಕೇಳಿ ಆಕೆ ಮಗಳ ಕಡೆ ತಿರುಗಿ ನಕ್ಕರು.

ಸ್ವಲ್ಪ ಹೊತ್ತಿಗೆ ಒಳಗಿಂದ ಕೂಗಿದರು. ಆಕೆ ಎದ್ದು ಹೋದರು. ನಾನು ಬಾಗಿಲಲ್ಲಿ ನಿಂತು ಇಣುಕಿದೆ. ಆಕೆ ಕಟಕಟೆಯಲ್ಲಿ. ಎದುರಿಗೆ ಎದ್ದು ನಿಂತವರು ಅಪ್ಪಾಜಿ. ನನ್ನ ಕೈಯಲ್ಲಿ ಇನ್ನೂ ನಾಲ್ಕು ಕಡಲೆಕಾಯಿ ಇದ್ದವು.

ಅಪ್ಪಾಜಿ ಕೇಳಿದ್ದು ಮೂರೋ ನಾಲ್ಕೋ ಪ್ರಶ್ನೆ. ನಿಮ್ಮ ಮದುವೆ ಯಾವ ವರ್ಷ ಆಯಿತು? 1988. ಜಮೀನು ಒಟ್ಟು ಎಷ್ಟು? ಒಂಬತ್ತು ಎಕರೆ. ನಿಮ್ಮ ತಂದೆ ವಿಲ್ ಬರೆದಿದ್ದರಾ? ಇಲ್ಲ. ಮುಗೀತು, ಕೂತರು. ಧ್ವನಿ ಏರಿರಲಿಲ್ಲ. ನನಗೆ ಏನೂ ಅರ್ಥ ಆಗಲಿಲ್ಲ. ಆದರೆ ಮನೆಗೆ ಬರುವ ದಾರಿಯಲ್ಲಿ ಗುಮಾಸ್ತರು ಖುಷಿಯಿಂದ "ಆ ಹೆಣ್ಣುಮಗಳ ಕೇಸು ಮುಗೀತು ಬಿಡವ್ವಾ, 88 ಅಂದುಬಿಟ್ಳು" ಅಂದಾಗ, ನನಗೆ ಕಡಲೆಕಾಯಿ ಕೊಟ್ಟವರನ್ನು ಅಪ್ಪಾಜಿ ಸೋಲಿಸಿದರು ಅನ್ನೋದು ಮಾತ್ರ ಗೊತ್ತಾಯಿತು.

ರಾತ್ರಿ ಕೇಳಿದೆ. ಅಪ್ಪಾಜಿ ನನ್ನ ರಫ್ ಪುಸ್ತಕ ತೆಗೆದುಕೊಂಡು ಒಂಬತ್ತು ಚೌಕ ಬರೆದರು. ಇದು ಒಂಬತ್ತು ಎಕರೆ, ಪಿತ್ರಾರ್ಜಿತ. ಅಪ್ಪ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ತಾಯಿ ಮೊದಲೇ ಹೋಗಿದ್ದಾರೆ. ಅಪ್ಪ ಸಾಯುವ ಮೊದಲು ಪಾಲು ಆಗಿದೆ ಅಂತ ಕಾನೂನು ಲೆಕ್ಕ ಹಿಡಿಯುತ್ತೆ. ಆ ಲೆಕ್ಕದಲ್ಲಿ ಮಗಳಿಲ್ಲ. ಅಪ್ಪನಿಗೆ ಮೂರು, ಒಬ್ಬೊಬ್ಬ ಗಂಡುಮಗನಿಗೆ ಮೂರು ಮೂರು. ಆಮೇಲೆ ಅಪ್ಪನ ಮೂರನ್ನು ಮೂರು ಮಕ್ಕಳೂ ಹಂಚಿಕೊಳ್ಳುತ್ತಾರೆ. ಅಣ್ಣಂದಿರಿಗೆ ನಾಲ್ಕು ನಾಲ್ಕು, ಆಕೆಗೆ ಒಂದು. ಒಂದು ಚೌಕಕ್ಕೆ ಪೆನ್ಸಿಲಿನಿಂದ ಬಣ್ಣ ತುಂಬಿದರು.

"ಆಕೆ ಕೇಳಿದ್ದು ಎಷ್ಟು?"

"ಮೂರು. ಸಮ ಪಾಲು."

ಹಾಗಾದರೆ ಸಮ ಪಾಲು ಯಾಕಿಲ್ಲ ಅಂತ ಕೇಳಿದೆ. ಕರ್ನಾಟಕದಲ್ಲಿ ಹೊಸ ತಿದ್ದುಪಡಿ ಬಂದಿದೆ, ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮ ಹಕ್ಕು ಅಂತ ಹೇಳಿದರು. ಆದರೆ ಅದು ಜಾರಿಗೆ ಬಂದದ್ದು 1994ರ ಜುಲೈ 30ಕ್ಕೆ. ಅದಕ್ಕೂ ಮೊದಲು ಮದುವೆ ಆದವರಿಗೆ ಅದು ಅನ್ವಯಿಸಲ್ಲ. ಆಂಧ್ರದಲ್ಲಿ, ತಮಿಳುನಾಡಿನಲ್ಲಿ ಇನ್ನೂ ಮೊದಲೇ ಇಂಥ ಕಾನೂನು ಬಂದಿತ್ತು, ಅಲ್ಲೂ ಇದೇ ಷರತ್ತು. "ಆಕೆ ಆರು ವರ್ಷ ತಡ ಮಾಡಿ ಮದುವೆ ಆಗಿದ್ರೆ?" ಅಪ್ಪಾಜಿ ಇನ್ನೊಂದು ಸಲ ಒಂಬತ್ತು ಚೌಕ ಬರೆದರು. ಮೂರು, ಮೂರು, ಮೂರು.

"ಹಂಗಾದ್ರೆ ನಾನು ಮದುವೇನೇ ಆಗಲ್ಲ" ಅಂದೆ. ಅಪ್ಪಾಜಿ ನಗಲಿಲ್ಲ. ನೀವು ಯಾಕೆ ಆ ಕೇಸು ತಗೊಂಡ್ರಿ ಅಂತ ಕೇಳಿದಾಗ, "ಅವರಿಗೂ ಒಬ್ಬ ವಕೀಲ ಬೇಕಲ್ಲವ್ವಾ. ಡಾಕ್ಟ್ರು ನಿನ್ನ ನೋಡಲ್ಲ ಹೋಗು ಅಂತ ಅಂತಾರಾ?" ಅಂದರು. ನನಗೆ ಅಳು ಬಂತು. ಡಾಕ್ಟರು ಒಬ್ಬರನ್ನು ಉಳಿಸೋಕೆ ಇನ್ನೊಬ್ಬರಿಂದ ಕಿತ್ತುಕೊಳ್ಳಲ್ಲ ಅಂತ ಅವತ್ತು ಹೇಳೋಕೆ ಬರಲಿಲ್ಲ. ಇವತ್ತಾದರೆ ಹೇಳುತ್ತಿದ್ದೆ.

ಮರುದಿನದಿಂದ ಜಡೆ ಹಾಕಿಸಿಕೊಳ್ಳಲಿಲ್ಲ. ನಾನೇ ಒಂದು ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಸ್ಕೂಲಿಗೆ ಹೋದೆ, ಟೀಚರ್ ಹತ್ತಿರ ಬೈಸಿಕೊಂಡೆ. ಬ್ಯಾಂಡಿನ ಕೊಕ್ಕೆಯನ್ನೂ ಸಿಕ್ಕಿಸಲಿಲ್ಲ. ಅಪ್ಪಾಜಿ ಏನೂ ಅನ್ನಲಿಲ್ಲ. ಪ್ರತಿ ದಿನ ಬೆಳಿಗ್ಗೆ ಎರಡು ಟೇಪನ್ನು ಇಸ್ತ್ರಿ ಮಾಡಿ, ಎಣ್ಣೆ ಬಟ್ಟಲ ಪಕ್ಕ ಇಟ್ಟು, ತಮ್ಮನಿಗೆ ಡಬ್ಬಿ ತುಂಬುತ್ತಿದ್ದರು. ನಾಲ್ಕು ದಿನ ಹಾಗೇ ಆಯಿತು. ಐದನೇ ದಿನ ನಾನೇ ಹೋಗಿ ಅವರ ಮುಂದೆ ಬೆನ್ನು ಮಾಡಿ ಕೂತೆ. ಬೈತಲೆ ತೆಗೆಯುವಾಗ ಅವರ ಕೈ ಯಾಕೋ ನಿಧಾನ ಇತ್ತು. ಆ ಕೇಸಿನ ಮಾತು ನಾವಿಬ್ಬರೂ ಮತ್ತೆ ಎತ್ತಲಿಲ್ಲ, ಎಷ್ಟೋ ವರ್ಷ.

ಗುಮಾಸ್ತರು ಹೇಳಿದ್ದು

ಅಪ್ಪಾಜಿ ಹೋದ ಮೇಲೆ ಕಡತಗಳನ್ನು ವಿಂಗಡಿಸೋಕೆ ಗುಮಾಸ್ತರು ದಿನಾ ಬರುತ್ತಿದ್ದರು. ನಡೆಯುತ್ತಿರುವ ಕೇಸುಗಳ ಕಾಗದ ಕಕ್ಷಿದಾರರಿಗೆ ವಾಪಸ್ ಕೊಡಬೇಕು, ಅವರು ಬೇರೆ ವಕೀಲರನ್ನು ನೋಡಿಕೊಳ್ಳಬೇಕು. ಗುಮಾಸ್ತರಿಗೂ ಈಗ ಎಪ್ಪತ್ತು. ಅಟ್ಟದ ಮೇಲಿನ ಮುಗಿದ ಕೇಸುಗಳ ಗಂಟು ಇಳಿಸುವಾಗ ನಾನು ಆ ಹೆಣ್ಣುಮಗಳ ವಿಷಯ ಎತ್ತಿದೆ. ಅವರು ಸುಮ್ನೆ ಎದ್ದು, ಮೂರನೇ ಗಂಟಿನಿಂದ ಆ ಕಡತ ಹುಡುಕಿ ತೆಗೆದರು.

ಅದರಲ್ಲಿ ಪ್ರತಿವಾದ ಪತ್ರದ ಕರಡು ಇತ್ತು. ಟೈಪ್ ಮಾಡಿದ ನಾಲ್ಕು ಹಾಳೆ. ಮೂರನೇ ಹಾಳೆಯಲ್ಲಿ ಒಂದು ಪೂರ್ತಿ ಪ್ಯಾರಾಕ್ಕೆ ಕೆಂಪು ಶಾಯಿಯ ಅಡ್ಡಗೆರೆ. ಪಕ್ಕದಲ್ಲಿ ಅಪ್ಪಾಜಿಯ ಅಕ್ಷರ: "ಇದು ಬೇಡ." ಆ ಪ್ಯಾರಾದಲ್ಲಿ ಇದ್ದದ್ದು ಏನಪ್ಪಾ ಅಂದರೆ, ಮದುವೆಯಲ್ಲಿ ಇಷ್ಟು ತೊಲ ಬಂಗಾರ ಕೊಟ್ಟಿದ್ದೇವೆ, ಅದೇ ಆಕೆಯ ಪಾಲು, ಇನ್ನೇನೂ ಇಲ್ಲ, ಗಂಡನ ಮಾತು ಕೇಳಿಕೊಂಡು ತವರಿನ ಮಾನ ಕಳೆಯೋಕೆ ಬಂದಿದ್ದಾಳೆ ಅಂತ. ಅಣ್ಣಂದಿರು ಹೇಳಿದ ಹಾಗೇ ಗುಮಾಸ್ತರು ಟೈಪ್ ಮಾಡಿದ್ದರಂತೆ. ಅಪ್ಪಾಜಿ ಅಣ್ಣಂದಿರನ್ನು ಕರೆಸಿ ಹೇಳಿದರಂತೆ: "ಒಂಬತ್ತರಲ್ಲಿ ಒಂದು ಆಕೇದು. ಅದೂ ಇಲ್ಲ ಅಂತ ನಾನು ಬರೆಯಲ್ಲ. ಕೋರ್ಟಲ್ಲಿ ಬಂಗಾರದ ಮಾತೂ ಎತ್ತಲ್ಲ, ಆಕೆ ಗಂಡನ ಮಾತೂ ಎತ್ತಲ್ಲ. ಒಪ್ಪಿಗೆ ಇಲ್ಲ ಅಂದ್ರೆ ಬೇರೆ ವಕೀಲರನ್ನ ನೋಡ್ಕೊಳ್ರಿ." ಅಣ್ಣಂದಿರು ಬಾಗಿಲವರೆಗೆ ಹೋಗಿ ವಾಪಸ್ ಬಂದರಂತೆ.

ಆ ಮೂರು ಪ್ರಶ್ನೆ ಯಾಕೆ ಅಷ್ಟು ಚಿಕ್ಕದಾಗಿದ್ದವು ಅಂತ ನನಗೆ ಆಗ ತಿಳಿಯಿತು. ಎದುರು ವಕೀಲರು ಸಾಕ್ಷಿಯನ್ನು ಪ್ರಶ್ನಿಸುವ ಪಾಟೀ ಸವಾಲು ಅಂದರೆ ಏನು ಅಂತ ಕೋರ್ಟು ನೋಡಿದವರಿಗೆ ಗೊತ್ತು. ತವರಿನ ವಿರುದ್ಧ ದಾವೆ ಹಾಕಿದ ಹೆಣ್ಣುಮಗಳನ್ನು ನೂರು ಜನರ ಮುಂದೆ ಅಳಿಸುವುದು ಕಷ್ಟದ ಕೆಲಸ ಅಲ್ಲ.

ಗುಮಾಸ್ತರು ಇನ್ನೊಂದು ವಿಷಯವನ್ನೂ ಹೇಳಿದರು. ಒಂಬತ್ತರಲ್ಲಿ ಒಂದು ಅಂತ ಡಿಕ್ರಿ ಆಯಿತು. ಸರಿ, ಯಾವ ಎಕರೆ? ಅದನ್ನು ಗುರುತಿಸಿ ಹಂಚಿದ ಮೇಲೇ ಅಂತಿಮ ಡಿಕ್ರಿ. ಅಣ್ಣಂದಿರು ಜಮೀನಿನ ಕಡೇ ಮೂಲೆ ತೋರಿಸಿದರು. ಅಲ್ಲಿಗೆ ನಾಲೆ ನೀರು ಹತ್ತುವುದಿಲ್ಲ. ಅಪ್ಪಾಜಿ ಅವರನ್ನು ಇದೇ ಬೆಂಚಿನ ಮೇಲೆ ಕೂರಿಸಿಕೊಂಡು, "ಕಡೇ ಮೂಲೆ ಕೊಟ್ರೆ ಆಕೆ ತಕರಾರು ಹಾಕ್ತಾಳೆ. ಅಂತಿಮ ಡಿಕ್ರಿಗೆ ಇನ್ನೂ ಐದು ವರ್ಷ ಓಡಾಡ್ತೀರಿ, ನನ್ನ ಫೀಸು ಬೇರೆ. ತೂಬಿನ ಪಕ್ಕದ್ದು ಕೊಡ್ರಿ, ಒಂದೇ ವಾಯಿದೆಗೆ ಮುಗಿಸ್ತೀನಿ" ಅಂದರಂತೆ. ಅದು ಕಕ್ಷಿದಾರರ ಒಳ್ಳೇದಕ್ಕೆ ಹೇಳಿದ ಮಾತೇ. ಸುಳ್ಳೂ ಅಲ್ಲ, ಮೋಸವೂ ಅಲ್ಲ. ಅಣ್ಣಂದಿರು ಒಪ್ಪಿದರು. ತೂಬಿನ ಪಕ್ಕದ ಎಕರೆ ಆಕೆಗೆ ಬಂತು. 2003ರಲ್ಲಿ ಅಂತಿಮ ಡಿಕ್ರಿ ಆಯಿತು. ಬಟ್ಟೆ ಚೀಲದ ಅಕ್ಕಿ ನನಗೆ ಆಗ ನೆನಪಾಯಿತು.

ತಡ ಮಾಡದೆ ಮುಗಿಸಿದ ಕೇಸು

ಇಲ್ಲಿಗೆ ಮುಗಿದಿದ್ದರೆ ನನ್ನ ಹಳೆಯ ಸಿಟ್ಟು ಪೂರ್ತಿ ಕರಗುತ್ತಿತ್ತೇನೋ. ಆದರೆ 2005 ಬಂತು. ಸೆಪ್ಟೆಂಬರ್ 9ರಿಂದ ದೇಶಕ್ಕೆಲ್ಲ ಒಂದೇ ಕಾನೂನು. ಮಗಳು ಮಗನ ಹಾಗೇ ಹುಟ್ಟಿನಿಂದ ಹಕ್ಕುದಾರಳು. ಮದುವೆಯ ತಾರೀಖು ಲೆಕ್ಕಕ್ಕಿಲ್ಲ. ವಾಸದ ಮನೆಯಲ್ಲಿ ಗಂಡುಮಕ್ಕಳು ಪಾಲು ಮಾಡಿಕೊಳ್ಳುವವರೆಗೆ ಹೆಣ್ಣುಮಕ್ಕಳು ಪಾಲು ಕೇಳುವಂತಿಲ್ಲ ಅನ್ನೋ ಹಳೆಯ ಕಲಮೂ ಹೋಯಿತು. ಒಂದು ಗೆರೆ ಮಾತ್ರ ಎಳೆದರು: 2004ರ ಡಿಸೆಂಬರ್ 20ಕ್ಕೆ ಮೊದಲು ಆಗಿಹೋದ ಪಾಲನ್ನು ಮುಟ್ಟುವಂತಿಲ್ಲ.

ನಾನಾಗ ಡಿಗ್ರಿ ಓದುತ್ತಿದ್ದೆ. ಒಂದು ಸಂಜೆ ಅಪ್ಪಾಜಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದರು. ಎಲ್ಲರೂ ಕೂತು ತಿನ್ನುತ್ತಿದ್ದೆವು. ಅವರು ತಿನ್ನದೆ ಪೇಪರ್ ಹಿಡಿದುಕೊಂಡೇ ಕೂತಿದ್ದರು. "ಎರಡು ವರ್ಷ ತಡ ಮಾಡಿದ್ರೆ ಸಾಕಿತ್ತವ್ವಾ" ಅಂದರು. ಯಾರಿಗೆ ಅಂತ ನಾನು ಕೇಳಲಿಲ್ಲ. ಅವರು ಹೇಳಲೂ ಇಲ್ಲ.

ಅಪ್ಪಾಜಿ ಸುಮ್ಮಸುಮ್ನೆ ವಾಯಿದೆ ಕೇಳುವವರಲ್ಲ. ಜಡ್ಜುಗಳೂ ಅದನ್ನು ಮೆಚ್ಚುತ್ತಿದ್ದರು. ಪಾಲಿನ ದಾವೆ ಅಂದರೆ ಹದಿನೈದು, ಇಪ್ಪತ್ತು ವರ್ಷ ಎಳೆಯುವ ಊರಿನಲ್ಲಿ ಅವರು ಆರು ವರ್ಷದಲ್ಲಿ ಮುಗಿಸಿದ್ದರು. ಬೇರೆ ಯಾರಾದರೂ ಎಳೆದಾಡಿದ್ದರೆ ಆಕೆಗೆ ಮೂರು ಎಕರೆಯ ದಾರಿ ತೆರೆದಿರುತ್ತಿತ್ತು. ಅಂತಿಮ ಡಿಕ್ರಿ ಆಗದೆ ಉಳಿದ ದಾವೆಗಳಲ್ಲಿ ಹೊಸ ಕಾನೂನಿನಂತೆ ಪಾಲು ತಿದ್ದಬಹುದು ಅಂತ 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2005ಕ್ಕೆ ಮೊದಲೇ ಅಪ್ಪ ತೀರಿಕೊಂಡಿದ್ದರೆ ಹೇಗೆ ಅನ್ನೋ ಗೊಂದಲ ಮಾತ್ರ ಉಳಿದಿತ್ತು. ಅಪ್ಪ ಬದುಕಿರಬೇಕಿತ್ತು ಅಂತ 2015ರಲ್ಲಿ ಒಂದು ತೀರ್ಪು, ಬದುಕಿರಬೇಕಾಗಿಲ್ಲ ಅಂತ 2020ರ ಆಗಸ್ಟ್ 11ಕ್ಕೆ ದೊಡ್ಡ ಪೀಠದ ತೀರ್ಪು. ಆ ದಿನ ಕೊರೊನಾ ಕಾಲ, ಅಪ್ಪಾಜಿ ಮನೆಯಲ್ಲೇ ಇದ್ದರು. ಸಂಜೆ ನನಗೆ ಫೋನ್ ಮಾಡಿದರು. ತೀರ್ಪಿನ ವಿಷಯ ಹತ್ತು ನಿಮಿಷ ಹೇಳಿದರು. ಕೊನೆಗೆ, ಇಪ್ಪತ್ತೊಂದು ವರ್ಷ ಆದ ಮೇಲೆ, ಕೇಳಿದರು: "ನಿನಗೆ ಆ ಕಡಲೆಕಾಯಿ ಹೆಣ್ಣುಮಗಳು ನೆನಪದಾಳಾ?"

ನೆನಪಿದ್ದಾರೆ ಅಪ್ಪಾಜಿ ಅಂದೆ. "ನೀನು ಹೇಳಿದ್ದು ಸರಿ ಇತ್ತು. ಆದ್ರೆ ನಾನು ಬಿಟ್ಟಿದ್ರೆ ಆ ಕೇಸು ಬೇರೆಯವರ ಹತ್ರ ಹೋಗ್ತಿತ್ತು" ಅಂದರು. ನಾನು ಒಪ್ಪಿದೆ ಅಂತ ಹೇಳಲಿಲ್ಲ. ಇವತ್ತಿಗೂ ಪೂರ್ತಿ ಒಪ್ಪಿಲ್ಲ. ಬೇರೆಯವರ ಹತ್ತಿರ ಹೋಗಿದ್ದರೆ ಆಕೆ ಕಟಕಟೆಯಲ್ಲಿ ಅಳುತ್ತಿದ್ದರು, ಕಡೇ ಮೂಲೆಯ ಎಕರೆ ಸಿಗುತ್ತಿತ್ತು, ಅದು ನಿಜ. ಕೇಸು ಎಳೆದು ಎಳೆದು ಮೂರು ಎಕರೆಯೇ ಸಿಗುತ್ತಿತ್ತೇನೋ, ಅದೂ ನಿಜ. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಅವರು ಅಷ್ಟು ವರ್ಷ ಬದುಕಿದರು. ನನಗೆ ಮಾತ್ರ ಅದು ಅವರ ಧ್ವನಿಯಲ್ಲಿ ಮೊದಲ ಸಲ ಕೇಳಿಸಿದ್ದು ಆ ಫೋನಿನಲ್ಲಿ.

ವಂಶವೃಕ್ಷ

ಅಪ್ಪಾಜಿ ಊರಿನ ಎಷ್ಟೋ ಜನರ ವಿಲ್ ಬರೆದರು. ತಮ್ಮದು ಬರೆಯಲಿಲ್ಲ. ಬೀರು, ಟ್ರಂಕು, ಎ.ಐ.ಆರ್. ಸಂಪುಟಗಳ ಹಿಂದೆ ಎಲ್ಲ ಹುಡುಕಿದೆವು. ಗುಮಾಸ್ತರನ್ನು ಕೇಳಿದಾಗ, "ನಾನೇ ಎರಡು ಸಲ ಕೇಳಿದ್ದೆ ಕಣವ್ವಾ. ಕಾನೂನೇ ಸರಿಯಾಗಿ ಬರೆದೈತಲ್ಲಾ, ನಾನೇನು ಹೊಸದಾಗಿ ಬರೆಯೋದು ಅಂದ್ರು" ಅಂದರು. ಮನೆ ಅಪ್ಪಾಜಿಯ ಸ್ವಂತ ದುಡಿಮೆಯದು. ವಿಲ್ ಇಲ್ಲದಿದ್ದರೆ ಅಮ್ಮ, ನಾನು, ತಮ್ಮ, ಮೂವರಿಗೂ ಸಮ. ಸ್ವಂತ ದುಡಿಮೆಯ ಆಸ್ತಿಗೆ 1956ರಿಂದಲೂ ಕಾನೂನು ಹೀಗೇ ಇದೆ. ಮೂರರಲ್ಲಿ ಒಂದು. ಆ ಹೆಣ್ಣುಮಗಳು ಕೇಳಿದ್ದೂ ಅಷ್ಟೇ.

ಬಳಗದಲ್ಲಿ ಮಾತು ಶುರುವಾಯಿತು. ಹಿರಿಯರೊಬ್ಬರು ಪ್ರೀತಿಯಿಂದಲೇ ಹತ್ತಿರ ಕೂರಿಸಿಕೊಂಡು, "ಹಕ್ಕು ಬಿಡುಗಡೆಗೆ ಒಂದು ಸಹಿ ಹಾಕ್ಬಿಡವ್ವಾ. ನಿನಗೇನು ಕಮ್ಮಿ ಐತೆ? ತವರು ಚೆನ್ನಾಗಿರುತ್ತೆ" ಅಂದರು. ಆ ಕ್ಷಣ ನನಗೂ ಹೌದಲ್ಲಾ ಅನ್ನಿಸಿತು, ಸುಳ್ಳು ಹೇಳಲ್ಲ. ಪಾಲು ಬೇಕು ಅನ್ನೋ ಮಾತು ಬಾಯಿಗೆ ಬಂದರೆ ನಾಚಿಕೆ ಆಗುವ ಹಾಗೆ ನಮ್ಮನ್ನು ಬೆಳೆಸಿರುತ್ತಾರೆ, ಅಪ್ಪಾಜಿಯಂಥವರ ಮನೆಯಲ್ಲಿ ಬೆಳೆದ ನನಗೂ ಅದು ಬಿಟ್ಟಿಲ್ಲ. ಆ ಹೆಣ್ಣುಮಗಳು 1997ರಲ್ಲಿ ದಾವೆ ಹಾಕಿ, ಚಿಕ್ಕ ಮಗಳನ್ನು ಕರೆದುಕೊಂಡು ಕೋರ್ಟಿನ ಮೆಟ್ಟಿಲು ಹತ್ತೋಕೆ ಎಷ್ಟು ಧೈರ್ಯ ಬೇಕಾಗಿತ್ತು ಅಂತ ನನಗೆ ಆಗ ಗೊತ್ತಾಯಿತು.

ಅಮ್ಮ ಏನೂ ಮಾತಾಡಲಿಲ್ಲ. ತಮ್ಮ ಅಲ್ಲೇ ಇದ್ದ, ಅವನೂ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಬೈಕ್ ತೆಗೆದು, "ಅಕ್ಕಾ, ಆಧಾರ್ ಕಾರ್ಡ್ ತಗೊಂಡು ಬಾ" ಅಂದ. ಖಾತೆ ಬದಲಾವಣೆಗೆ ವಂಶವೃಕ್ಷ ಬೇಕು, ಅದಕ್ಕೆ ಮೊದಲು ಅಫಿಡವಿಟ್ ಮಾಡಿಸಬೇಕು. ಕೋರ್ಟಿನ ಹತ್ತಿರ ಛಾಪಾ ಕಾಗದ ಟೈಪ್ ಮಾಡುವವರ ಮುಂದೆ ಇಬ್ಬರೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆವು. ಟೈಪ್ ಮಾಡುವವರು ಅಪ್ಪಾಜಿಯ ಹೆಸರು ಹೊಡೆದು ಒಂದು ಗಳಿಗೆ ನಿಲ್ಲಿಸಿದರು. ಅವರಿಗೂ ಅಪ್ಪಾಜಿ ಗೊತ್ತಿದ್ದರು. ಆಮೇಲೆ ಹೆಂಡತಿಯ ಹೆಸರು ಕೇಳಿದರು, ತಮ್ಮ ಹೇಳಿದ.

"ಗಂಡುಮಕ್ಕಳು?"

"ಒಬ್ಬ. ನಾನು."

ಅವರು ಅದನ್ನು ಹೊಡೆದು, ಸಾಲು ಮುಗಿಸಿ, ಮುಂದಿನ ಸಾಲಿಗೆ ಹೋದರು. ತಮ್ಮ ಕುರ್ಚಿ ಮುಂದಕ್ಕೆ ಎಳೆದುಕೊಂಡ.

"ಹೆಣ್ಣುಮಕ್ಕಳು ಎಷ್ಟು ಜನ ಅಂತ ಕೇಳ್ರಿ."